ಎಲ್ಲರೂ ಕೆನ್ನೆ ಮುಟ್ಟಿದರು, ಬಾಯಿ ನೋಡಲಿಲ್ಲ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಆಲೆಟ್ಟಿಯ ರಬ್ಬರ್ ಗುಡ್ಡದಲ್ಲಿ ಹಣೆಗೆ ದೀಪ ಕಟ್ಟಿಕೊಂಡವರು ಒಂದು ಮರದಿಂದ ಇನ್ನೊಂದಕ್ಕೆ ಸರಿಯುತ್ತಿದ್ದಾರೆ. ಬಿಸಿಲೇರಿದರೆ ಮರದಿಂದ ರಬ್ಬರ್ ಇಳಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮರದ ತೊಗಟೆ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಕೆಲಸದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಈ ಹೊತ್ತಿಗೆ ಗುಡ್ಡ ಹತ್ತಿರುತ್ತಾರೆ. ಮಕ್ಕಳು ಮನೆಯಲ್ಲಿ ಮಲಗಿರುತ್ತವೆ.

ಗುಡ್ಡದ ಬುಡದ ಒಂದು ಮನೆಗೆ ಸೇವಂತಿ ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಒಳಗೆ ಹೋಗುತ್ತಾರೆ. ಚಾಪೆಯ ಮೇಲೆ ಎರಡು ವರ್ಷದ ಗಂಡುಮಗು ಗಾಢ ನಿದ್ದೆಯಲ್ಲಿದೆ. ಬಾಯಲ್ಲಿ ಬಾಟಲಿ, ಬಾಟಲಿಯಲ್ಲಿ ಅರ್ಧ ಉಳಿದ ಸಕ್ಕರೆ ಚಹಾ. ಸೇವಂತಿ ಮಗುವಿನ ತುಟಿಯ ಅಂಚಿಗೆ ಕಿರುಬೆರಳು ಸೇರಿಸಿ ನಿಪ್ಪಲನ್ನು ಮೆಲ್ಲ ಸಡಿಲಿಸುತ್ತಾರೆ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು ಒರೆಸುತ್ತಾರೆ. ಮೇಲ್ದವಡೆಯ ಮುಂದಿನ ಹಲ್ಲುಗಳ ಜಾಗದಲ್ಲಿ ಇರುವುದು ಕರಟಿದ ಮೊಂಡುಗಳು. ಮಗು ಮುಖ ಸಿಂಡರಿಸಿ, ಚಪ್ಪರಿಸಿ, ಮಗ್ಗುಲು ಬದಲಿಸುತ್ತದೆ.

"ಕಳ್ಳಿ ಬಂದ್ಲಾ?" ಅಡುಗೆಮನೆಯಿಂದ ಮಗುವಿನ ಅಜ್ಜಿ ಪಾತು ಕೇಳುತ್ತಾರೆ.

"ಬಂದೆ. ಇವತ್ತೂ ಚಾ ಹಾಕಿದ್ದೀರಲ್ಲ ಪಾತು."

"ಹಾಕದೆ ಎಂತ ಮಾಡುದು ಮಾರಾಯ್ತಿ? ಬಾಟ್ಲಿ ಇಲ್ಲದ್ರೆ ಇವ ಕೂಗುದು ಗುಡ್ಡದ ತಲೆಗೆ ಕೇಳ್ತದೆ. ಇವನ ಉಮ್ಮ ಕತ್ತಿ ಬಿಸಾಡಿ ಓಡಿ ಬರ್ತಾಳೆ."

"ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡ್ತಾ ಬನ್ನಿ. ಕೊನೆಗೆ ಬರೀ ನೀರು ಕುಡೀತಾನೆ, ಗೊತ್ತೇ ಆಗುದಿಲ್ಲ."

"ಹಾಲಿನವ ನಮಗೆ ಮಾಡುದು ಅದನ್ನೇ ಅಲ್ವಾ," ಎಂದು ಪಾತು ನಗುತ್ತಾರೆ. ಬಾಟಲಿ ತೊಳೆಯಲು ಕೊಂಡುಹೋಗುತ್ತಾರೆ.

ಐವತ್ತರ ಆಸುಪಾಸಿನ ಸೇವಂತಿ ಅಂಗನವಾಡಿ ಸಹಾಯಕಿ. ಅಡುಗೆ ಮಾಡುವುದು, ಗುಡಿಸುವುದು, ಮಕ್ಕಳನ್ನು ಕರೆತರುವುದು ಅವರ ಕೆಲಸ. ಈ ನಸುಕಿನ ಸುತ್ತು ಯಾರೂ ಹೇಳಿದ ಕೆಲಸವಲ್ಲ. ಕಡಬದ ಹತ್ತಿರದ ತವರಿನಿಂದ ಮದುವೆಯಾಗಿ ಬಂದವರು ಅಂಗನವಾಡಿ ಸೇರುವ ತನಕ ಇದೇ ಗುಡ್ಡದಲ್ಲಿ ಟ್ಯಾಪಿಂಗ್ ಮಾಡಿದ್ದಾರೆ. ಯಾವ ಮನೆಯಲ್ಲಿ ಯಾವ ಹೊತ್ತಿಗೆ ತಾಯಿ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಆನೆ ಎತ್ತ ಹೋಗಿದೆ ಎಂದು ನೋಡಿಕೊಂಡು ಸುತ್ತು ಬಳಸುತ್ತಾರೆ. ನಾಯಿಗಳು ಈಗ ಬೊಗಳುವುದಿಲ್ಲ. ಬೊಗಳುವವರು ಮನುಷ್ಯರೇ ಎಂದು ಅವರದೇ ತಮಾಷೆ. 'ಬಾಟ್ಲಿ ಪೊಲೀಸ್' ಎಂಬ ಹೆಸರು ಊರಿಗೆಲ್ಲ ಹಬ್ಬಿದೆ.

ಇದೆಲ್ಲ ಶುರುವಾದದ್ದು ಬೇಯಿಸಿದ ಕಡಲೆಯಿಂದ. ಅಂಗನವಾಡಿಯಲ್ಲಿ ಕಡಲೆ ಕೊಟ್ಟರೆ ಕೆಲವು ಮಕ್ಕಳು ಜಗಿಯದೆ ಕೆನ್ನೆಯಲ್ಲೇ ಇಟ್ಟುಕೊಳ್ಳುತ್ತಿದ್ದವು, ಇಲ್ಲವೇ ಇಡಿಯಾಗಿ ನುಂಗುತ್ತಿದ್ದವು. ಹಟ ಎಂದುಕೊಂಡು ಸೇವಂತಿ ಗದರಿಸಿದ್ದೂ ಇದೆ. ಒಂದು ದಿನ ಒಬ್ಬಳ ಬಾಯಿ ತೆರೆಸಿ ನೋಡಿದರು. ಮತ್ತೊಬ್ಬನದು ನೋಡಿದರು. ಆಮೇಲೆ ಸಾಲಾಗಿ ಎಲ್ಲರದೂ.

"ನಾನು ಹಾಗೇ ನೆಲದಲ್ಲಿ ಕೂತೆ," ಎನ್ನುತ್ತಾರೆ. "ಇಷ್ಟು ಚಂದದ ಮಕ್ಕಳು. ನಗುವಾಗ ನಾವು ಕಣ್ಣು ನೋಡ್ತೇವೆ, ಕೆನ್ನೆ ನೋಡ್ತೇವೆ. ಬಾಯಿ ಒಳಗೆ ಹೀಗುಂಟು ಅಂತ ಯಾರು ನೋಡಿದ್ದಾರೆ? ಕೆಲವು ಮಕ್ಕಳಿಗೆ ಜಗಿಯುದಕ್ಕೆ ಹಲ್ಲೇ ಇಲ್ಲ. ನಾನು ಅವಕ್ಕೆ ಬೈದದ್ದು."

ಶಿಬಿರಕ್ಕೆಂದು ಬಂದ ದಂತವೈದ್ಯೆ ಡಾ. ನಶೀದಾ ಕಾರಣ ಹೇಳಿದರು. ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಸಿಹಿ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಹುಟ್ಟಿದ ಹಲ್ಲು ಗಟ್ಟಿಯಾಗುವ ಮೊದಲೇ ಕೊಳೆಯತೊಡಗುತ್ತದೆ. ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ, ಮೊದಲ ಹಲ್ಲು ಕಂಡಾಗಿನಿಂದಲೇ ಉಜ್ಜಿಸಿ, ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಇಷ್ಟೇ ಮಾತು. ಸೇವಂತಿ ಇದನ್ನು ಮನೆಮನೆಗೆ ಹೊತ್ತರು. ಬಂದ ಉತ್ತರ ಎಲ್ಲ ಕಡೆ ಒಂದೇ: ಹಾಲುಹಲ್ಲು, ಹೇಗೂ ಬೀಳುವುದು.

ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ದೇರಣ್ಣ. ಸ್ವಂತದ ಸ್ವಲ್ಪ ರಬ್ಬರ್ ಇರುವ ಹಿರಿಯರು. ಮಗ ಸುಜಯ್, ಸೊಸೆ ದೀಪ್ತಿ ಗುಡ್ಡಕ್ಕೆ ಹೋದಾಗ ಎರಡು ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಅವರೇ. ನಾಲ್ಕು ವರ್ಷದ ಮೋಕ್ಷಿತಾ, ಅವಳ ಪುಟ್ಟ ತಮ್ಮ ಹರ್ಷಿತ್. ಮೋಕ್ಷಿತಾಳ ಕೆಳಗಿನ ದವಡೆಹಲ್ಲಿನ ತೂತುಗಳನ್ನು ಸೇವಂತಿ ತೋರಿಸಿದಾಗ ದೇರಣ್ಣ ಅಂದದ್ದು: "ಬೀಳುವ ಅಡಿಕೆ ಸೋಗೆಗೆ ಯಾರಾದ್ರೂ ಮದ್ದು ಬಿಡ್ತಾರಾ ಸೇವಂತಿ?" ಚಾವಡಿಯಲ್ಲಿ ಕೂತವರೆಲ್ಲ ನಕ್ಕರು. ಸೇವಂತಿಯೂ ನಕ್ಕು ಎದ್ದು ಬಂದರು.

ಹೋದ ವರ್ಷ ನವರಾತ್ರಿಗೆ ಮುಂಚಿನ ದಿನಗಳು. ಮೋಕ್ಷಿತಾ ಅಂಗನವಾಡಿಗೆ ಬರಲಿಲ್ಲ. ಕೆನ್ನೆ ಊದಿದೆ, ಜ್ವರ ಇದೆ, ಕೆಪ್ಪಟರಾಯ ಎಂದು ಸುದ್ದಿ ಬಂತು. ಮಂಗನಬಾವಿಗೆ ಇಲ್ಲಿ ಹೇಳುವ ಹೆಸರು ಅದು. ಅದಕ್ಕೆ ಹಳೆಯ ಮನೆಗಳಲ್ಲಿ ಒಂದು ಕ್ರಮವೂ ಇದೆ: ಮಗುವಿನ ಕೊರಳಿಗೆ ಬಂಗಾರದ ಸರ ಹಾಕುವುದು. ಬಂಗಾರ ಮೈಗೆ ತಾಗಿದರೆ ಬಾವು ಇಳಿಯುತ್ತದೆ ಎಂದು ನಂಬಿಕೆ. ಇಳಿಯುವ ತನಕ ತೆಗೆಯಬಾರದು, ಮಗುವನ್ನು ಗಾಳಿಗೆ ಒಡ್ಡಬಾರದು. ದೇರಣ್ಣ ತೀರಿಹೋದ ಹೆಂಡತಿಯ ಅವಲಕ್ಕಿ ಸರವನ್ನು ಕಪಾಟಿನಿಂದ ತೆಗೆದು, ಪುಟ್ಟ ಕೊರಳಿಗೆ ಜಾರದ ಹಾಗೆ ಎರಡು ಸುತ್ತು ಹಾಕಿ ಕೊಂಡಿ ಬಿಗಿದರು. ಒಮ್ಮೆ ಕೆಪ್ಪಟರಾಯ ಬಂದು ಹೋದವರಿಗೆ ಮತ್ತೆ ಅಂಟುವುದಿಲ್ಲವೆಂದು ಹಿರಿಯ ಹೆಂಗಸರು ಬಂದು ಕೆನ್ನೆ ಮುಟ್ಟಿ, ಬಿಸಿ ನೋಡಿ, ಹೌದೆಂದು ತಲೆಯಾಡಿಸಿ ಹೋದರು.

ಸೇವಂತಿಯೂ ಹೋದರು. ಆದರೆ ಗೇಟಿನಿಂದಲೇ ತಿರುಗಿದರು. ತಮ್ಮ ಸೀರೆಯಲ್ಲೇ ಅಂಗನವಾಡಿಯ ಮಕ್ಕಳಿಗೆ ಅಂಟು ಹೊತ್ತುಕೊಂಡು ಹೋದಂತಾಗುತ್ತದೆ ಎಂಬ ಹೆದರಿಕೆ.

ಮರುದಿನ ನಸುಕಿಗೆ ಅದೇ ಗೇಟಿನ ಮುಂದೆ ಹಾದುಹೋಗುವಾಗ ಮನೆ ಪಕ್ಕದ ಮರಗಳ ಸಾಲಿನಿಂದ ದೀಪ್ತಿ ಕರೆದಳು. ಹಣೆಯ ದೀಪ ಸೇವಂತಿಯ ಮುಖಕ್ಕೇ ಬಿತ್ತು.

"ಸೇವಂತಿಯಕ್ಕ, ಕೆಪ್ಪಟರಾಯಕ್ಕೆ ಉಗುಳು ನುಂಗುದಕ್ಕೂ ಆಗುದಿಲ್ವಾ?"

"ಯಾಕೆ?"

"ನಿನ್ನೆಯಿಂದ ಎಂತದೂ ಕುಡಿಲಿಲ್ಲ. ಜೊಲ್ಲು ಇಳೀತಾನೇ ಉಂಟು, ದಿಂಬು ಪೂರಾ ಒದ್ದೆ. ಮಲಗಿಸಿದ್ರೆ ಎದ್ದು ಕೂತ್ಕೊಳ್ತಾಳೆ. ಮಾವ ಹೇಳ್ತಾರೆ ಸರ ಎಳೀತಾ ಉಂಟು, ಇಳೀತದೆ ಅಂತ."

ಸೇವಂತಿ ಈ ಸಲ ಒಳಗೆ ಹೋದರು. ಮಗುವಿದ್ದ ಕೋಣೆಯನ್ನು ಅವರು ಈಗಲೂ ಮೊದಲು ವಾಸನೆಯಿಂದ ನೆನೆಯುತ್ತಾರೆ. ಕಿಟಕಿ ಮುಚ್ಚಿತ್ತು. ಮೋಕ್ಷಿತಾ ಗೋಡೆಗೆ ಒರಗಿ, ಗದ್ದ ಮೇಲೆತ್ತಿ ಕೂತಿದ್ದಳು. ಹೆಸರು ಕರೆದರೆ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವಳ ಹಾಗೆ ಗೊಗ್ಗರು ದನಿ. ಗದ್ದದ ಕೆಳಗೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಬಾಯಿ ತೆರೆ ಎಂದರೆ ಒಂದು ಬೆರಳಿನಷ್ಟು ತೆರೆಯಿತು. ಒಳಗೆ ನಾಲಗೆ ಇರಬೇಕಾದಲ್ಲಿ ಇರಲಿಲ್ಲ, ಮೇಲಕ್ಕೆ ಒತ್ತಿಕೊಂಡು ಅಂಗುಳಿಗೆ ತಾಗಿತ್ತು. ಅದರ ಪಕ್ಕದಲ್ಲಿ ಅದೇ ತೂತಿನ ಹಲ್ಲು, ಸುತ್ತ ಕೀವು.

ಮತ್ತೆ ಸರ. ಸರವನ್ನು ಹುಡುಕಬೇಕಾಯಿತು. ಬಾವು ಕೆಳಗಿಳಿದು ಕೊರಳನ್ನೇ ಊದಿಸಿತ್ತು, ಎರಡು ಸುತ್ತು ಬಂಗಾರ ಚರ್ಮದ ಮಡಿಕೆಯಲ್ಲಿ ಹುಗಿದುಹೋಗಿತ್ತು. ಕೊಂಡಿ ಕೈಗೇ ಸಿಗಲಿಲ್ಲ.

"ಇದು ಕೆಪ್ಪಟರಾಯ ಅಲ್ಲ. ಹಲ್ಲು," ಎಂದರು ಸೇವಂತಿ. ಜೀಪಿನ ನವಾಝ್‌ಗೆ ಫೋನ್ ಮಾಡಿದರು. ದೀಪ್ತಿ ಗುಡ್ಡದ ಕಡೆಗೆ ಗಂಡನನ್ನು ಕೂಗುತ್ತ ಓಡಿದಳು.

ಹರ್ಷಿತ್‌ನನ್ನು ಎತ್ತಿಕೊಂಡು ದೇರಣ್ಣ ಬಾಗಿಲಲ್ಲಿ ನಿಂತಿದ್ದರು. "ಗಾಳಿಗೆ ತೆಗೀಬೇಡ. ಹಲ್ಲಿಗೆ ಕೊರಳು ಊದುದು ಎಲ್ಲಿಯಾದ್ರೂ ಉಂಟಾ? ನಿನಗೆ ಎಲ್ಲದಕ್ಕೂ ಹಲ್ಲೇ."

"ಮಾವ, ಅವಳಿಗೆ ಉಸಿರು ಎಳೀಲಿಕ್ಕೆ ಆಗ್ತಾ ಇಲ್ಲ. ಸದ್ದು ಕೇಳಿ," ಎಂದರು ಸೇವಂತಿ.

ಒಳಗೆಳೆದ ಪ್ರತಿ ಉಸಿರಿಗೂ ಒಂದು ಸಣ್ಣ ಶಿಳ್ಳೆ. ಅಷ್ಟು ಹೊತ್ತು ಅದು ಎಲ್ಲರ ಕಿವಿಗೂ ಬೀಳುತ್ತಲೇ ಇತ್ತು, ಯಾರಿಗೂ ಕೇಳಿರಲಿಲ್ಲ.

ನವಾಝ್ ಬಂದವನೇ ಕೊರಳು ನೋಡಿ ಜೀಪಿನ ಟೂಲ್ಸಿನಿಂದ ವೈರು ತುಂಡರಿಸುವ ಕಟ್ಟರ್ ತಂದ. ಅದನ್ನು ಕಂಡು ದೇರಣ್ಣ ಅಡ್ಡ ಬಂದರು. "ತುಂಡು ಮಾಡ್ಬೇಡ. ಅದು ಅವಳದ್ದು."

"ಈ ಮಗುವೂ ಅವಳದ್ದೇ ಅಲ್ವಾ ಮಾವ," ಎಂದರು ಸೇವಂತಿ.

ದೇರಣ್ಣ ಹರ್ಷಿತ್‌ನನ್ನು ನೆಲಕ್ಕೆ ಬಿಟ್ಟು, ಮೊಮ್ಮಗಳ ಹಿಂದೆ ಕೂತು, ಎರಡೂ ಅಂಗೈಯಲ್ಲಿ ಅವಳ ತಲೆಯನ್ನು ಅಲುಗದಂತೆ ಹಿಡಿದರು. ಸೇವಂತಿ ಚರ್ಮವನ್ನು ಬೆರಳಿನಿಂದ ಸರಿಸಿಕೊಟ್ಟರು. ನವಾಝ್ ಬಿಸ್ಮಿಲ್ಲಾ ಎಂದು ಕಟ್ಟರ್ ಒತ್ತಿದ. ಒಂದು ಸುತ್ತು, ಮತ್ತೊಂದು ಸುತ್ತು. ಕೊರಳ ಸುತ್ತ ಸರದ ಅಚ್ಚು ಕೆಂಪಗೆ ಉಳಿಯಿತು.

ಆಲೆಟ್ಟಿಯಿಂದ ಸುಳ್ಯ ದೂರವೇನಲ್ಲ. ಆ ದಿನ ದೂರವಾಗಿತ್ತು. ಸುಳ್ಯದಲ್ಲಿ ವೈದ್ಯರು ಮೊದಲು ಉಸಿರಿಗೆ ದಾರಿ ಮಾಡಿದರು, ಬಳಿಕ ಆಂಬುಲೆನ್ಸಿನಲ್ಲಿ ಮಂಗಳೂರಿಗೆ. ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು, ಕೊಳೆತ ಹಲ್ಲು ಕಿತ್ತರು. ಹಲ್ಲಿನ ಬೇರಿನ ಕೀವು ನಾಲಗೆಯ ಕೆಳಗೆ ಇಳಿದು ಶ್ವಾಸದ ದಾರಿ ಮುಚ್ಚುತ್ತಿತ್ತು ಎಂದು ಡಾ. ನಶೀದಾ ಆಮೇಲೆ ವಿವರಿಸಿದರು. "ಮಧ್ಯಾಹ್ನದ ತನಕ ಕಾದಿದ್ದರೆ ನಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲವೇನೋ," ಎಂದರು.

ಆ ಮಾತಿನಿಂದ ಸೇವಂತಿ ಇನ್ನೂ ಚೇತರಿಸಿಕೊಂಡಿಲ್ಲ.

"ಹಲ್ಲಿನಿಂದ ಮಗು ಸಾಯ್ಬಹುದು ಅಂತ ನನಗೂ ಗೊತ್ತಿರ್ಲಿಲ್ಲ," ಎನ್ನುತ್ತಾರೆ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ. "ನಾನು ಮನೆಮನೆಗೆ ಹೋಗಿ ಹೇಳ್ತಾ ಇದ್ದದ್ದು ಜಗಿಯುದಕ್ಕೆ, ಚಂದಕ್ಕೆ. ಮಗು ಉಣ್ಣಲಿ, ನಗಲಿ ಅಂತ. ಸಾವು ಅಂತ ಒಂದು ಸಲವೂ ಹೇಳ್ಲಿಲ್ಲ. ಗೊತ್ತಿದ್ರಲ್ವಾ ಹೇಳುದು? ನಾನೂ ಗೇಟಿನಿಂದ ತಿರುಗಿದವಳೇ."

ಮೋಕ್ಷಿತಾ ಅಂಗನವಾಡಿಗೆ ಮರಳಿದ್ದಾಳೆ. ಗದ್ದದಡಿಯ ಗೆರೆಯನ್ನು ಉಳಿದ ಮಕ್ಕಳಿಗೆ ಸರದಿ ಪ್ರಕಾರ ಮುಟ್ಟಲು ಕೊಡುತ್ತಾಳೆ. ಊಟದ ನಂತರ ಎಲ್ಲರೂ ಬಾವಿಕಟ್ಟೆಯ ಪಕ್ಕ ಸಾಲು ನಿಂತು ಹಲ್ಲುಜ್ಜುತ್ತಾರೆ. ನೊರೆಯನ್ನು ಯಾರು ದೂರ ಉಗುಳುತ್ತಾರೆ ಎಂಬ ಪಂದ್ಯ ನಡೆಯುತ್ತದೆ. ಸೇವಂತಿ ಗದರುವುದಿಲ್ಲ, ದೂರ ಉಗುಳಬೇಕಾದರೆ ಜಾಸ್ತಿ ಉಜ್ಜಬೇಕಲ್ಲ.

ಊರು ಪೂರ್ತಿ ಬದಲಾಗಿದೆ ಎನ್ನುವ ಹಾಗಿಲ್ಲ. ಬಾಟಲಿಗಳು ಕಡಿಮೆಯಾಗಿವೆ, ನಿಂತಿಲ್ಲ. ಪುತ್ತೂರು, ಕಡಬದ ಕಡೆಯಿಂದ ಸಂಬಂಧಿಕರ ಮೂಲಕ ಕರೆಗಳು ಬರುತ್ತವೆ. ಮಗುವಿನ ಕೆನ್ನೆ ಊದಿದೆ, ಕೆಪ್ಪಟರಾಯವಾ ಹಲ್ಲಾ ಎಂದು ಕೇಳುತ್ತಾರೆ. "ನನ್ನನ್ನು ಕೇಳ್ಬೇಡಿ, ಡಾಕ್ಟ್ರಿಗೆ ತೋರಿಸಿ, ಇವತ್ತೇ ತೋರಿಸಿ," ಎಂಬುದು ಅವರ ಉತ್ತರ. ನರಿಮೊಗರಿನ ಒಬ್ಬ ತಾಯಿ ಹಾಗೆ ತೋರಿಸಿದಾಗ ಅದು ನಿಜವಾಗಿಯೂ ಮಂಗನಬಾವೇ ಆಗಿತ್ತಂತೆ. ಸುಮ್ಮನೆ ಹೆದರಿಸಿದಿರಿ ಎಂದು ಬೈಸಿಕೊಂಡದ್ದನ್ನು ಸೇವಂತಿ ಸಂತೋಷದಿಂದಲೇ ಹೇಳುತ್ತಾರೆ.

ಈ ಸೋಮವಾರ ಬೆಳಿಗ್ಗೆ ಆಲೆಟ್ಟಿಯ ಬಸ್ ನಿಲ್ದಾಣದಲ್ಲಿ ದೇರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದಾರೆ. ತೋಳಿನಲ್ಲಿ ಹರ್ಷಿತ್, ಪಕ್ಕದಲ್ಲಿ ಸೇವಂತಿ. ಹುಡುಗನಿಗೆ ವರ್ಷ ತುಂಬುವುದು ಈ ತಿಂಗಳು. ಕೆಳಗೆ ಎರಡು, ಮೇಲೆ ಎರಡು, ಅಕ್ಕಿಯಷ್ಟು ಬಿಳಿ ಹಲ್ಲು. ಅಜ್ಜನ ಗಲ್ಲ ಕಚ್ಚುವುದಕ್ಕೆ ಅಷ್ಟು ಸಾಕಾಗುತ್ತದೆ.

"ನಮ್ಮ ಮಕ್ಕಳು ಮೊದಲ ಸಲ ಹಲ್ಲಿನ ಡಾಕ್ಟ್ರನ್ನು ನೋಡುದು ನೋವಿಲ್ಲದ ದಿನ ಆಗ್ಬೇಕು," ಎನ್ನುತ್ತಾರೆ ಸೇವಂತಿ. "ನನಗೆ ಅಷ್ಟೇ ಆಸೆ. ದೊಡ್ಡದೆಂತ ಇಲ್ಲ."

ಸುಳ್ಯದ ಬಸ್ಸು ತಿರುವಿನಲ್ಲಿ ಕಾಣಿಸುತ್ತದೆ. ದೇರಣ್ಣ ಸ್ವಲ್ಪ ಹತ್ತಿರ ಸರಿದು, ನಿಂತವರಿಗೆ ಕೇಳದ ಹಾಗೆ ಕೇಳುತ್ತಾರೆ:

"ಅಲ್ಲ ಸೇವಂತಿ, ಮಗುವಿಗೆ ಎಂತಾಗಿದೆ ಅಂತ ಡಾಕ್ಟ್ರು ಕೇಳಿದ್ರೆ ಎಂತ ಹೇಳುದು?"

"ಎಂತದೂ ಆಗ್ಲಿಲ್ಲ, ಅದಕ್ಕೇ ಬಂದದ್ದು ಅಂತ ಹೇಳಿ."