ಮುಚ್ಚಳದೊಳಗಿನ ಮೂರು ಗೀರು

ಅಪ್ಪ ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದರು. ಸೆರಗಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡಿ ಅದು ರೇಷ್ಮೆಯೋ ಅಲ್ಲವೋ ಹೇಳುತ್ತಿದ್ದರು. ಬೇರೆ ಅಂಗಡಿಯಲ್ಲಿ ಲಗ್ನದ ಸೀರೆ ಕೊಂಡವರೂ ಅಪ್ಪನಿಗೆ ತೋರಿಸಲು ಬರುತ್ತಿದ್ದರು. ಅಂಥ ಮನುಷ್ಯ ವಾಚನ್ನು ಮಾತ್ರ ತಿರುವಿಯೂ ನೋಡದೆ ಕೊಂಡರು. ಮಾರಿದವರು ಮುಧೋಳದ ಬೀಗರು, ನನ್ನ ತಂಗಿಯ ಮಾವ.

"ಸ್ವಿಸ್ ಮಾಲ್ರೀ. ಸೆಲ್ ಹಾಕೂ ಮಾತs ಇಲ್ಲ. ಕೈ ಆಡಿದಂಗ ನಡೀತೈತಿ," ಎಂದಿದ್ದರು.

ನಾನು ಬಿಲ್ಲು ಕೇಳಿದೆ. ಅಪ್ಪ ನನ್ನತ್ತ ಕಣ್ಣು ಬಿಟ್ಟರು. ಬೀಗರು ಹೋದ ಮೇಲೆ, "ಬೀಗರ ಮುಂದ ಪರೀಕ್ಷಾ ಮಾಡತಾರೇನವಾ? ಮಗಳನ್ನ ಕೊಟ್ಟ ಮನಿ ಅದು," ಎಂದು ಬೈದರು.

ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಎಲ್ಲರಿಗಿಂತ ಜೋರಾಗಿ ಅತ್ತವರು ಅದೇ ಬೀಗರು. ಕಣ್ಣೊರೆಸಿಕೊಂಡು, "ಆ ವಾಚ್ ನನಗ ಕೊಡವಾ, ನೆನಪಿಗೆ ಇಟಗೋತೀನಿ," ಎಂದರು. ಅದನ್ನು ನಾನು ಪ್ರೀತಿ ಎಂದುಕೊಂಡೆ. ಆಮೇಲೆ ನೋಡೋಣ ಎಂದೆ.

ಅಷ್ಟರಲ್ಲಿ ವಾಚು ನಿಂತಿತು. ಕಟ್ಟಿಕೊಳ್ಳುವ ಕೈ ಇಲ್ಲದ್ದಕ್ಕೆ ನಿಂತಿದೆ ಎಂದು ನಾನೇ ಎರಡು ದಿನ ಕಟ್ಟಿಕೊಂಡು ತಿರುಗಾಡಿದೆ. ಕಸ ಗುಡಿಸಿದೆ, ರೊಟ್ಟಿ ಬಡಿದೆ. ಮುಳ್ಳು ಅಲುಗಲಿಲ್ಲ. ಊರಿನ ರಿಪೇರಿಯವನು ದೊಡ್ಡ ಕಂಪನಿಯ ವಾಚು ಮುಟ್ಟುವುದಿಲ್ಲ ಎಂದ. ಜಮಖಂಡಿಗೆ ಒಯ್ದೆ.

ಅಲ್ಲಿಯ ಮುದುಕ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದ. ಒಳಗೆ ಪ್ಲಾಸ್ಟಿಕ್ಕು, ನಡುವೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆಲ್ಲು.

"ಖರೆ ಮಾಲಿನೊಳಗ ಸೆಕೆಂಡಿನ ಮುಳ್ಳು ತೇಲಿಕೋತ ಹೋಗತೈತ್ರಿ. ಇದು ಟಕ್ ಟಕ್ ಜಿಗೀತಿತ್ತು, ನೋಡಿಲ್ಲೇನು? ಕಂಪನಿ ಹೆಸರಿನ ಅಕ್ಷರದ ಅಂಚೂ ಸವಕಲ."

ಆಮೇಲೆ ಮುಚ್ಚಳದ ಒಳಮೈ ತೋರಿಸಿದ. ಸೂಜಿಯಿಂದ ಎಳೆದ ಮೂರು ಗೀರು. ಸೆಲ್ ಬದಲಿಸಿದಾಗಲೆಲ್ಲ ಅವನು ಹಾಕುವ ಗುರುತು.

"ಮೂರು ಸಲ ನಿಮ್ಮಪ್ಪಾರs ತಂದಿದ್ರು. ಮೊದಲನೇ ಸಲಾನs ಹೇಳಿದೆ. ನಕ್ಕರು. 'ನೂಲಾಗಿದ್ರ ಸುಟ್ಟು ನೋಡತಿದ್ದೆ. ಮುಚ್ಚು ಮಾರಾಯಾ, ನಮ್ಮ ಹುಡುಗಿ ಅವರ ಮನ್ಯಾಗ ಅದಾಳ' ಅಂದ್ರು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಪ್ಪನನ್ನು ಬೈದೆ. ಬೀಗರು ಮನೆಗೆ ಬಂದಾಗಲೆಲ್ಲ ಅಪ್ಪ ಅಂಗಿಯ ತೋಳು ಮೇಲೇರಿಸಿ, ಆ ವಾಚು ನೋಡಿ, "ಒಂದ ಮಿನಿಟ್ ಹಿಂದ ಮುಂದ ಆಗಿಲ್ಲರಿ" ಎಂದು ಹೊಗಳುತ್ತಿದ್ದರಲ್ಲ! ಆ ಬೀಗ ನಮ್ಮ ಚಹಾ ಕುಡಿಯುತ್ತ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದ. ಈಗ ವಾಚು ಬೇರೆಯವರ ಕೈಸೇರಿ ಬಯಲಾದೀತೆಂದು ಸತ್ತವರ ಮನೆಯಲ್ಲಿ ಕಣ್ಣೀರು ಹಾಕಿ ಬೇಡಿದ್ದ.

ತಿಂಗಳಿಗೆ ಬೀಗರು ತಂಗಿಯನ್ನು ಕರೆದುಕೊಂಡು ಮತ್ತೆ ಬಂದರು. ತಂಗಿ ಒಳಗೆ ಚಹಾ ಮಾಡುತ್ತಿದ್ದಳು.

"ವಾಚಿಂದು ಏನ ಮಾಡಿದ್ಯವಾ?"

"ಕೊಡೂದಿಲ್ರಿ," ಎಂದೆ. "ಸೆಲ್ ತೀರಿದಾಗ ನಾನs ಹಾಕಿಸ್ತೀನಿ. ಅಪ್ಪ ಮೂರು ಸಲ ಹಾಕಿಸ್ಯಾರಂತ."

ಅವರ ಮುಖದ ರಕ್ತ ಇಳಿಯಿತು. ಎಲ್ಲವನ್ನೂ ಕಾರಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ ಚಹಾ ತಂದಳು. ಸೆರಗು ಸರಿಮಾಡಿಕೊಂಡು ಮೊದಲ ಕಪ್ಪನ್ನು ಮಾವನ ಮುಂದಿಟ್ಟಳು.

"ಯಾವ ಸೆಲ್ ಅಕ್ಕಾ?"

"ಗ್ವಾಡಿ ಗಡಿಯಾರದ್ದು," ಎಂದು ಗೋಡೆಯತ್ತ ಕೈ ತೋರಿದೆ.

ಬೀಗರು ಕಪ್ಪು ಎತ್ತಿಕೊಂಡರು. ಆ ಕ್ಷಣ ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಕ್ಷಮಿಸಿಲ್ಲ. ಅದನ್ನು ಕೊಟ್ಟವಳು ನಾನೇ.