ಅರ್ಧ ಪಿಕ್ಚರಿನ ಫೈಸಲಾ

ಸಿನಿಮಾ ಬಗ್ಗೆ ನನಗೆ ಯಾರೂ ಏನೂ ಕಲಿಸಿಕೊಟ್ಟವರಿಲ್ಲ. ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹಿಂದಿನ ಸಿಡಿ ಅಂಗಡಿಯಲ್ಲಿ ಬಾಡಿಗೆಗೆ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದೆ, ನೋಡಿದ್ದರ ಕತೆಯನ್ನು ಮನೆಯವರಿಗೆ ಹೇಳುತ್ತಿದ್ದೆ, ಅವರಿಗೆ ಏನನ್ನಿಸಿತೆಂದು ಕೇಳಿ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಟೈಪ್ ಮಾಡಿ ಹಾಕುತ್ತಿದ್ದೆ. 'ಪ್ರೇಕ್ಷಕರ ಅಭಿಪ್ರಾಯ' ಅಂತ ದೊಡ್ಡ ತಲೆಬರಹ. ಓದುವವರು ಒಬ್ಬರೂ ಇರಲಿಲ್ಲ. ಪ್ರೇಕ್ಷಕರ ಅಭಿಪ್ರಾಯವಾದರೂ ಏನು, ಅವ್ವನದು ಪ್ರತಿ ಸಲವೂ ಒಂದೇ: "ಅದನ್ನ ಬಂದ್ ಮಾಡು, ಉಣ್ಣಾಕ ಬಾ."

ಕತೆಯನ್ನು ಕಿವಿಗೊಟ್ಟು ಕೇಳಿದವಳು ಅಕ್ಕ ಒಬ್ಬಳೇ, ಅದೂ ಒಂದೇ ಸಲ.

ಅಕ್ಕನನ್ನು ತಾಂಡೂರಿಗೆ ಕೊಟ್ಟಿದ್ದೆವು. ಭಾವ ಅಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸುಪರ್‌ವೈಸರ್. ಕುಡಿತವಿಲ್ಲ, ಬೈಗುಳವಿಲ್ಲ, ಪಗಾರ ತಂದು ಹೆಂಡತಿಯ ಕೈಗೆ ಕೊಡುವ ಮನುಷ್ಯ. ಇಂಥ ಗಂಡನನ್ನು ಬಿಟ್ಟು ಅಕ್ಕ ತವರಿಗೆ ಬಂದು ಕೂತಾಗ ತಪ್ಪು ಅವಳದೇ ಎಂದು ಎರಡೂ ಊರು ಒಂದೇ ಮಾತಿನಲ್ಲಿ ಹೇಳಿದವು. ಬೇರೆ ಯಾವ ವಿಷಯದಲ್ಲೂ ಆ ಎರಡು ಊರಿಗೆ ಅಷ್ಟು ಒಮ್ಮತ ಇದ್ದದ್ದು ನಾನು ಕಾಣೆ.

ಒಂದು ಮಧ್ಯಾಹ್ನ ಅಕ್ಕ ಚವಳಿಕಾಯಿ ಸೋಸುತ್ತಿದ್ದಳು. ನಾನು ಹಿಂದಿನ ದಿನ ನೋಡಿದ ಹಿಂದಿ ಪಿಕ್ಚರಿನ ಕತೆ ಶುರು ಮಾಡಿದೆ. ಒಳ್ಳೆಯ ಗಂಡ, ಒಳ್ಳೆಯ ಹೆಂಡತಿ, ಊಟಿಯಂಥ ಊರು, ಹಾಡು. ಒಂದು ದಿನ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ತನ್ನ ಮನಸ್ಸು ಹೆಂಗಸರ ಕಡೆ ಎಂದೂ ಹೋದದ್ದಿಲ್ಲ, ತಾನು ಪ್ರೀತಿಸುವುದು ಒಬ್ಬ ಗಂಡಸನ್ನು ಎಂದು ಹೇಳಿಬಿಡುತ್ತಾನೆ. ಅಕ್ಕನ ಕೈಯಲ್ಲಿ ಚವಳಿಕಾಯಿ ಹಾಗೇ ಉಳಿಯಿತು.

"ಇದನ್ನ ನಿಂಗ ಯಾರ್ ಹೇಳ್ಯಾರ?" ಎಂದಳು.

"ಪಿಚ್ಚರ್ ಅಕ್ಕ."

"ಖರೇನೇ ಪಿಚ್ಚರೇನು?"

ಆಮೇಲೆ ಎಲ್ಲ ಹೇಳಿದಳು. ಭಾವ ಅವಳ ಮುಂದೆ ಕೂತು ಇದೇ ಮಾತು ಹೇಳಿ ಅತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಈಗ ಅವಳಿಗೆ ಬೇಕಾಗಿದ್ದು ಸೋಡಚಿಟ್ಟಿ, ಅಂದರೆ ಬಿಡುಗಡೆ, ಅದೂ ಕಳಂಕವಿಲ್ಲದೆ. ನಮ್ಮಲ್ಲಿ ಅದನ್ನು ಕೋರ್ಟಿಗಿಂತ ಮೊದಲು ಪಂಚರು ಕೊಡಬೇಕು. ಪಂಚರು ಕಾರಣ ಕೇಳುತ್ತಾರೆ. ಕಾರಣ ಹೇಳದ ಹೆಣ್ಣನ್ನು ವಾಪಸು ಕಳಿಸುತ್ತಾರೆ. ಹೋಗದಿದ್ದರೆ ಕಸೂರು, ಅಂದರೆ ತಪ್ಪು, ಇವಳದು ಎಂದು ಸಾರಿ ಬಿಡುತ್ತಾರೆ. (ಇದನ್ನು ಭಾವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಹಾಕಬ್ಯಾಡ. ಹೆಂಗೂ ಯಾರೂ ಓದಲ್ಲ" ಎಂದ.)

ಪಂಚರು ಬಂದ ದಿನವೇ ಬಂದ್ ಇತ್ತು. ಅದು ಪ್ರತ್ಯೇಕ ತೆಲಂಗಾಣ ಚಳವಳಿಯ ಕಾಲ, ಬಂದ್ ಇಲ್ಲದ ದಿನ ಹುಡುಕುವುದೇ ಕಷ್ಟ. ಹಿರಿಯ ಪಂಚರು ಪೆದ್ದೆಮುಲ್ ಕಡೆಯವರು, ಗಂಡಿನವರಿಗೆ ದೂರದ ಕಾಕಾ. ಅಂಗಿಯ ಮೇಲೆ ತೆಲಂಗಾಣದ ಬಿಲ್ಲೆ. ಅವರು ಊರಿನ ಟೆಂಟಿನಲ್ಲಿ ಸರದಿ ಉಪವಾಸ ಕೂತವರು. ನಾಷ್ಟಾ ಮಾಡಿ ಕೂತು ಊಟಕ್ಕೆ ಏಳುತ್ತಿದ್ದರೆಂದು ನಮ್ಮ ಮಾವ ಹೇಳುತ್ತಿದ್ದ. ಈ ಮಾವ ನಮ್ಮ ಕಡೆಯ ಪಂಚ, ನಾರಾಯಣಖೇಡದಲ್ಲಿ ಕುರಿ ಸಾಕಿಕೊಂಡಿದ್ದವನು. ಭಾವ ಬಂದಿದ್ದ, ಭಾವನ ತಾಯಿ ಬಂದಿದ್ದರು. ಬಶೀರಾಬಾದಿನಿಂದ ಬರಬೇಕಾದ ಮೂರನೆಯ ಪಂಚರು ರಸ್ತಾ ರೋಕೋದಲ್ಲಿ ಸಿಕ್ಕಿಬಿದ್ದಿದ್ದರು. ಅವರಿಲ್ಲದೆ ಬೈಠಕ್ ಶುರುವಾಗುವಂತಿಲ್ಲ. ಫೈಸಲಾ ಆಗುವವರೆಗೆ ಪಂಚರು ಹೆಣ್ಣಿನ ಮನೆಯಲ್ಲಿ ನೀರು ಕುಡಿಯಬಹುದು, ಚಹಾ ಕುಡಿಯುವಂತಿಲ್ಲ. ಚಹಾ ಕುಡಿದರೆ ಮಾತು ಮುಗಿಯಿತು, ಮತ್ತೆ ಎತ್ತುವ ಹಾಗಿಲ್ಲ.

ಹೀಗೆ ಚಹಾ ಇಲ್ಲದ ಹಿರಿಯರು ಬೆಳಿಗ್ಗೆಯಿಂದ ಗೋಡೆ ನೋಡುತ್ತ ಕೂತಿದ್ದರು.

"ಏ ತಮ್ಮಾ, ಟಿವಿ ಆದ್ರೂ ಹಚ್ಚು," ಎಂದರು ಹಿರಿಯ ಪಂಚರು.

"ಕೇಬಲ್‌ನವ್ರೂ ಬಂದ್‌ದಾಗ ಅದಾರ್ರಿ ಕಾಕಾ."

ಅಡುಗೆಮನೆಯ ಬಾಗಿಲಿನಿಂದ ಅಕ್ಕನ ದನಿ ಬಂತು. "ಆ ಸಿಡಿ ಹಚ್ಚು."

ಅಂದು ಅವಳಿಗೆ ಕತೆ ಹೇಳಿದ ಪಿಕ್ಚರ್. ಹಚ್ಚಿದೆ.

ಮೊದಲರ್ಧ ಎಲ್ಲರಿಗೂ ಹಿಡಿಸಿತು. ಹೀರೋ ಹೆಂಡತಿಗೆ ಸ್ವೆಟರ್ ತಂದುಕೊಟ್ಟಾಗ ಭಾವನ ತಾಯಿ, "ನೋಡ್ರಿ, ಎಂಥಾ ಬಂಗಾರದಂಥ ಗಂಡ! ಇಂಥವ್ರನ್ನ ಬಿಟ್ಟು ಬರ್ತಾರ ಕೆಲವ್ರು," ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದರು. ಭಾವ ಮಾತ್ರ ನೆಲದ ಪರಸಿಯನ್ನೇ ನೋಡುತ್ತಿದ್ದ, ಪಾಲಿಶ್ ಸರಿಯಾಗಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುವವನ ಹಾಗೆ. ಆಮೇಲೆ ಆ ದೃಶ್ಯ ಬಂತು. ಹೀರೋ ಹೇಳಿದ. ಹೆಂಡತಿ ಉತ್ತರ ಕೊಡಲು ಬಾಯಿ ತೆರೆದಳು. ಕರೆಂಟ್ ಹೋಯಿತು.

ಹೊರಗೆ ಮೆರವಣಿಗೆಯ ಜೈಕಾರ ದಾಟಿಹೋಯಿತು.

"ಅಕಿ ಏನಂದಳೋ?" ಕೊನೆಗೆ ಮಾವ ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವುದರೊಳಗೆ ಹಿರಿಯ ಪಂಚರು ಕೈ ಎತ್ತಿದರು. "ಹೇಳಬ್ಯಾಡ. ಏನನ್ನಬೇಕು ಅನ್ನೋದು ನಾವು ಹೇಳ್ತೀವಿ."

ಬೇರೆ ಮನೆಗಳಲ್ಲಿ ಜನ ಪಿಕ್ಚರ್ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುತ್ತಾರೆ. ಪಂಚರಿಗೆ ಅದು ಬರುವುದಿಲ್ಲ. ಅವರು ಚಕ್ಕಳಮಕ್ಕಳ ಹಾಕಿ ಕೂತರು.

"ಅಕಿ ಹೊಂದ್ಕೊಂಡು ಹೋಗ್ಬೇಕು," ಎಂದರು ಭಾವನ ತಾಯಿ. "ಸ್ವೆಟರ್ ತಂದು ಕೊಟ್ಟಾನ, ಇನ್ನೇನ್ ಬೇಕು?"

"ಸ್ವೆಟರ್ ಜೋಡಿ ಬಾಳೇವು ಮಾಡಾಕ ಬರ್ತದೇನು ಬೀಗ್ತಿ?" ಎಂದ ಮಾವ.

"ಗಂಡ ಹೆಂಡ್ತಿ ಅಂದ್ಮ್ಯಾಲ ಕೂಡಿ ಇರಬೇಕಪ್ಪಾ," ಎಂದರು ಹಿರಿಯ ಪಂಚರು.

"ಹಂಗಾ? ಮೊನ್ನೆ ಟೆಂಟಿನಾಗ ಮೈಕ್ ಹಿಡದು, ಜಬರದಸ್ತಿಲೆ ಕೂಡಿಸಿಟ್ರ ಅದು ಸಂಸಾರ ಅಲ್ಲ, ಜೇಲು ಅಂತ ಒದರಿದವ್ರು ಯಾರ್ರಿ?"

"ಅದು ರಾಜ್ಯದ ಮಾತು!"

"ಅಷ್ಟು ದೊಡ್ಡ ರಾಜ್ಯ ಒಡೀಬಹುದು, ಒಂದು ಖೋಲಿ ಮನಿ ಒಡೀಬಾರದೇನ್ರಿ?"

ಹಿರಿಯ ಪಂಚರು ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಟೋಪಿ ತೆಗೆದು ತೊಡೆಯ ಮೇಲಿಟ್ಟರು. ಟೋಪಿ ತೆಗೆದರೆಂದರೆ ಫೈಸಲಾ.

"ಅವ ಮೊದಲೇ ಹೇಳ್ಬೇಕಿತ್ತು. ಹೇಳಿದ್ರ ಯಾರು ಕೇಳ್ತಿದ್ರು, ಅದು ಬ್ಯಾರೆ ಮಾತು. ತಡಾ ಮಾಡಿ ಹೇಳ್ಯಾನ, ಆದ್ರ ಖರೆ ಹೇಳ್ಯಾನ. ಅಕಿದು ಕಸೂರ್ ಇಲ್ಲ, ಅವಂದೂ ಇಲ್ಲ. ಅಕಿ ಬಂಗಾರ ಅಕಿಗಿ ಕೊಟ್ಟು ಬಿಡ್ರಿ." ಪಂಚಾಯ್ತಿಯ ರಿವಾಜಿನಂತೆ ಸುತ್ತಲಿನವರ ಅಭಿಪ್ರಾಯ ಕೇಳಿದರು. ಸರದಿ ಭಾವನ ತನಕ ಬಂತು. "ತಮ್ಮಾ, ನೀ ಏನಂತಿ?"

ಭಾವ ಪರಸಿಯಿಂದ ತಲೆ ಎತ್ತಿದ. "ಆಕಿ ಭಾಳ ಛಲೋ ಅದಾಳ್ರಿ ಕಾಕಾ," ಎಂದ. "ಆಕಿದೇನೂ ತಪ್ಪಿಲ್ರಿ."

ಅವನು ಆಗ ಟಿವಿಯ ಕಡೆ ನೋಡುತ್ತಿರಲಿಲ್ಲ.

ಫೈಸಲಾ ಕೊಟ್ಟ ಖುಷಿಯಲ್ಲಿ ಹಿರಿಯರ ಗಂಟಲು ಒಣಗಿತ್ತು. ಅಕ್ಕ ಚಹಾ ತಂದಳು. ಹಿರಿಯ ಪಂಚರು ಬಸಿಗೆ ಸುರುವಿಕೊಂಡು ಒಂದೇ ಉಸಿರಿಗೆ ಕುಡಿದರು. ಮಾವ ಕಪ್ಪನ್ನು ತುಟಿಗೆ ಇಟ್ಟವನು ಒಮ್ಮೆ ನಿಂತು ಅಕ್ಕನ ಮುಖ ನೋಡಿದ. ಆಮೇಲೆ ಸೊರ್ರೆಂದು ಮನೆಗೆಲ್ಲ ಕೇಳುವಂತೆ ಕುಡಿದ.

"ಕಾಕಾ, ಚಾ ಆತಲ್ರಿ?" ಎಂದಳು ಅಕ್ಕ.

"ಆತು ತಾಯಿ. ಛಲೋ ಆಗ್ಯಾದ."

"ಹಂಗಾದ್ರ ನಮ್ಮ ಮಾತೂ ಮುಗೀತ್ರಿ."

ಹಿರಿಯ ಪಂಚರು ಬಸಿ ನೋಡಿದರು. "ಏ! ಇದು ಪಿಚ್ಚರಿನ ಫೈಸಲಾ!"

"ಪಿಚ್ಚರಿಗಿ ಪಂಚರು ಚಾ ಕುಡೀತಾರೇನ್ರಿ ಕಾಕಾ?"

"ಮತ್ತ... ಕಾರಣ?"

"ಯಾರದೂ ಕಸೂರ್ ಇಲ್ಲ ಅಂತ ನೀವೇ ಅಂದ್ರಿ."

ಅವರು ಬಸಿಯಿಂದ ಭಾವನ ಕಡೆ ನೋಡಿದರು, ಭಾವನಿಂದ ಟಿವಿಯ ಕಪ್ಪು ಗಾಜಿನ ಕಡೆ. ಗೊತ್ತಾಯಿತೋ, ಗೊತ್ತಾಗಬಾರದು ಎಂದುಕೊಂಡರೋ ಹೇಳಲಾರೆ. ಟೋಪಿ ಹಾಕಿಕೊಂಡು ಎದೆ ಉಬ್ಬಿಸಿದರು. "ಚಾ ಕುಡದ ಮ್ಯಾಲ ಮಾತು ತಿರುವ್ಯಾನ ಅಂತ ಅನಿಸ್ಕೊಳ್ಳೋ ಮನಿಷ್ಯಾ ಅಲ್ಲ ನಾ."

"ನಾ ಅರ್ಧಾ ಕಪ್ಪೇ ಕುಡದೀನಿ!" ಎಂದರು ಭಾವನ ತಾಯಿ.

"ಪಿಚ್ಚರೂ ಅರ್ಧಾನೇ ನೋಡೀರಿ ಬೀಗ್ತಿ," ಎಂದ ಮಾವ.

ಸಂಜೆ ಬಶೀರಾಬಾದಿನ ಪಂಚರು ಯಾರದೋ ಟ್ರಾಕ್ಟರ್ ಹತ್ತಿ ಬಂದು ಕಾರಣ ಏನೆಂದು ಕೇಳಿದಾಗ ಹಿರಿಯ ಪಂಚರು, "ಟೈಮಿಗಿ ಬಂದು ಪಿಚ್ಚರ್ ನೋಡಿದ್ರ ಗೊತ್ತಾಗ್ತಿತ್ತು" ಎಂದು ಮಾತು ಮುಗಿಸಿದರಂತೆ.

ಅದಕ್ಕೂ ಮೊದಲು ಕರೆಂಟ್ ಬಂದಿತ್ತು. ಸಿಡಿ ಮತ್ತೆ ಮೊದಲಿನಿಂದ ಶುರುವಾಯಿತು. ಗಂಡಸರೆಲ್ಲ ಅಂಗಳಕ್ಕೆ ಹೋಗಿದ್ದರು. ಅಕ್ಕ ಒಳಗೆ ಬಟ್ಟಲು ತೊಳೆಯುತ್ತಿದ್ದಳು. ಭಾವನ ತಾಯಿ ಒಬ್ಬರೇ ಅರ್ಧ ಕಪ್ಪು ಮುಂದಿಟ್ಟುಕೊಂಡು ಟಿವಿಯ ಮುಂದೆ ಕೂತಿದ್ದರು.

"ಆ ಹೀರೋನ ಅವ್ವನ್ನ ತೋರಿಸಲೇ ಇಲ್ಲಲ್ಲೋ," ಎಂದರು. "ಮುಂದ ಬರ್ತಾಳೇನು?"

"ಇಲ್ರಿ ಅತ್ತಿ. ಈ ಪಿಚ್ಚರಿನಾಗ ಅವ್ವ ಇಲ್ಲ."

"ಹಂಗಾದ್ರ ಕತಿ ಬರದವಂಗ ಕೆಲಸ ಹಗುರ ಆಗ್ಯಾದ ಬಿಡು," ಎಂದರು.

ಬಾಗಿಲಾಚೆ ಭಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಅವನನ್ನೇ ನೋಡುತ್ತ ಅವರು ಕಪ್ಪು ಎತ್ತಿ, ತಣ್ಣಗಾದ ಚಹಾವನ್ನು ಪೂರ್ತಿ ಕುಡಿದರು.