ನಾನು ಬೇಡವೆಂದ ಬ್ರೇಕು

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿಗೆ ಪೊರೆ ಬಂದಿದೆ ಎಂಬ ನೆಪ, ಇನ್ನೊಮ್ಮೆ ಮೊಮ್ಮಗಳ ಮದುವೆಯ ನೆಪ. ಪೊರೆ ತೆಗೆಸಿದ್ದಾಯಿತು, ಮದುವೆಯೂ ಮುಗಿಯಿತು. ಇನ್ನು ಮುಂದೂಡಲು ನೆಪ ಉಳಿದಿಲ್ಲ. ನನ್ನ ವಯಸ್ಸಿನವನಿಗೆ ದಿನಗಳೂ ಬಹಳ ಉಳಿದಿರುವುದಿಲ್ಲ.

ಎದುರಿಗೆ ಮೇಜಿನ ಮೇಲೆ ಒಂದು ಚೀಲವಿದೆ. ಹಿಟ್ಟಿನ ಗಿರಣಿಗೆ ಒಯ್ಯುವಂಥ ಬಟ್ಟೆಯ ಚೀಲ. ಮೊದಲು ಬಿಳಿ ಇತ್ತು, ಈಗ ಮಣ್ಣಿನ ಬಣ್ಣ. ಬಾಯಿ ಬಿಚ್ಚಿದರೆ ಗ್ರೀಸಿನ ವಾಸನೆ, ಬಳಸದ ರಬ್ಬರಿನ ವಾಸನೆ... ಇಷ್ಟು ವರ್ಷದ ಮೇಲೂ ಹೋಗಿಲ್ಲ. ಒಳಗೆ ಎರಡು ಬ್ರೇಕ್ ಹಿಡಿಕೆಗಳು, ಅವುಗಳಿಂದ ಹೊರಟ ತೆಳು ವೈರುಗಳು, ಅಂಗೈಗಿಂತ ತುಸು ಅಗಲದ ತೂತುತೂತಿನ ಒಂದು ಉಕ್ಕಿನ ತಟ್ಟೆ. ಹೋದ ತಿಂಗಳು ಇದನ್ನು ನಮ್ಮ ಮನೆಗೆ ತಂದುಕೊಟ್ಟವನು ಮೊಬೈಲ್ ರಿಪೇರಿ ಮಾಡುವ ಹುಡುಗ. ಅವನ ಅಂಗಡಿ ಹಿಂದೆ ಸೈಕಲ್ ಅಂಗಡಿಯಾಗಿತ್ತು. ಗೋಡೆಗೆ ಹಲಗೆ ಹೊಡೆಸಲು ಹಳೆಯ ಮೊಳೆ ಕೀಳುವಾಗ ಅದಕ್ಕೆ ನೇತುಬಿದ್ದ ಈ ಚೀಲ ಸಿಕ್ಕಿತಂತೆ. ಮೇಲೆ ಬರೆದದ್ದನ್ನು ಓದಿ, ಕೇಳಿಕೊಂಡು ಬಂದ.

ಆ ಅಂಗಡಿಯನ್ನು ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಗಂಡ ಹೋದ ಮೇಲೆ ಅಂಗಡಿ ಮುಚ್ಚುತ್ತಾಳೆಂದು ಎಲ್ಲರೂ ತಿಳಿದಿದ್ದರು. ಆಕೆ ಸೆರಗು ಸಿಕ್ಕಿಸಿ ನಟ್ಟು ಬಿಗಿಯುವ ಪಾನಾ ಹಿಡಿದಳು. ಪಂಕ್ಚರ್ ತಿದ್ದುತ್ತ ತಿದ್ದುತ್ತ, ಮೊಬೈಲಿನಲ್ಲಿ ನೋಡಿ, ಕೊಲ್ಹಾಪುರಕ್ಕೆ ಹೋಗಿ ಕೇಳಿ, ಹಳೆಯ ಸೈಕಲ್ಲುಗಳಿಗೆ ಮೋಟಾರು ಬ್ಯಾಟರಿ ಕೂಡಿಸಿ ಓಡಿಸುವುದನ್ನು ಕಲಿತಳು. ಹಾಲು ಹಾಕುವವರು, ಕಾಲು ಸೋತವರು, ಪೆಟ್ರೋಲಿಗೆ ಹೆದರಿದವರು ಆಕೆಯ ಕಡೆ ಬರತೊಡಗಿದರು.

ನಾನು ಮ್ಯಾಟ್ರಿಕ್ ಮುಗಿಸಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಕುಳಿತವನು, ನಿವೃತ್ತಿಯವರೆಗೆ ಅಲ್ಲಿಂದ ಏಳಲಿಲ್ಲ. ಮುಧೋಳದ ಕಡೆ ಕಬ್ಬು ಬೆಳೆಯುವವರು ಯಾವ ಕಾಟಾವನ್ನೂ ನಂಬುವುದಿಲ್ಲ. ಆದರೆ ನನ್ನನ್ನು ನಂಬುತ್ತಿದ್ದರು. ಊರಲ್ಲಿ ನನಗೆ ಕಾಟಾ ಕಾಕಾ ಎಂದೇ ಹೆಸರು. ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಆ ನಂಬಿಕೆಯಿಂದ ನಾನು ಏನು ಮಾಡಿದೆ ಎಂಬುದು ಮುಂದೆ ಬರುತ್ತದೆ.

ಜೀವಮಾನವಿಡೀ ಸೈಕಲ್ ಮೇಲೆ ಡ್ಯೂಟಿಗೆ ಹೋದವನು ನಾನು, ಮೋಟಾರ್ ಸೈಕಲ್ ಕಲಿಯಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಜಮಖಂಡಿ ರಸ್ತೆಯ ನಮ್ಮ ಹೊಲಕ್ಕೆ ಹೋಗಲು ಮಗನನ್ನು ಕಾಯಬೇಕಾಯಿತು. ಅದು ನನಗೆ ಸೇರಲಿಲ್ಲ. ಹಳೆಯ ಕರಿಯ ಸೈಕಲ್ ನೂಕಿಕೊಂಡು ಆಕೆಯ ಅಂಗಡಿಗೆ ಹೋದೆ. ನನ್ನ ಕರಾರು ಎರಡು. ಸೈಕಲ್ ಇದೇ ಇರಬೇಕು, ಕೈಯಲ್ಲಿರುವ ದುಡ್ಡು ಇಷ್ಟೇ, ಅದರ ಮೇಲೆ ಹೋಗಬಾರದು.

ಆಕೆಯದೊಂದು ಪದ್ಧತಿ ಇತ್ತು. ಗೋಣಿತಟ್ಟು ಹಾಸಿ ಅದರ ಮೇಲೆ ಎಲ್ಲ ಸಾಮಾನು ಹರಡುತ್ತಿದ್ದಳು. ಯಾವುದು ಏನು ಮಾಡುತ್ತದೆ ಎಂದು ಹೇಳಿ, ಬೇಕಾದ್ದನ್ನು ಗಿರಾಕಿಯ ಕೈಯಿಂದಲೇ ಎತ್ತಿ ಇಡಿಸುತ್ತಿದ್ದಳು. ಆಕೆ ಬೇಕೇ ಬೇಕು ಅಂದದ್ದನ್ನು ಗಿರಾಕಿ ಒಲ್ಲೆ ಅಂದರೆ ಅದನ್ನು ಚೀಲದಲ್ಲಿ ಹಾಕಿ, ಮೇಲೆ ಅವರ ಹೆಸರು ಬರೆದು, ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಳು.

ದೊಡ್ಡ ಮೋಟಾರಿಗೆ ಕೈ ಹಾಕಿದೆ. ಹೊಲದ ಹಾದಿಗೆ ಅಷ್ಟು ಬೇಡವೆಂದು ಸಣ್ಣದನ್ನು ಕೊಟ್ಟಳು, ನನ್ನ ದುಡ್ಡು ಉಳಿಸಿದಳು. ಅದನ್ನು ನನ್ನ ಹಳೆಯ ರಿಮ್ಮಿಗೇ ಹೊಸ ಕಡ್ಡಿ ಹಾಕಿ ಹೆಣೆಯುತ್ತೇನೆ ಅಂದಳು, ಅಲ್ಲೂ ಉಳಿಯಿತು. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಡಬ್ಬಿಯಲ್ಲಿ ಮಾತ್ರ ಅಗ್ಗದ್ದು ಮುಟ್ಟಲು ಬಿಡಲಿಲ್ಲ. ಬ್ಯಾಟರಿ ಬಂದಾಗ ನಾನು ಎರಡೂ ಕೈಯಲ್ಲಿ ಒಂದೊಂದು ಹಿಡಿದು ತೂಗಿದೆ. ಭಾರದ್ದು ಅಗ್ಗ, ಹಗುರದ್ದು ತುಟ್ಟಿ ಎಂಬುದು ನನ್ನ ತಲೆಗೆ ಹೋಗಲಿಲ್ಲ.

"ಇದು ಕಬ್ಬಲ್ಲರಿ ಕಾಕಾ, ತೂಗಿ ತಗೊಳ್ಳಾಕ" ಎಂದು ನಕ್ಕಳು.

ಆಮೇಲೆ ಬ್ರೇಕಿನ ಮಾತು ಬಂತು. ನನ್ನ ಸೈಕಲ್ಲಿಗೆ ಹಳೆಯ ಕಾಲದ ಕಡ್ಡಿ ಬ್ರೇಕು. ಅದು ತುಳಿಯುವ ಸೈಕಲ್ಲಿಗೆ ಸಾಕು, ಮೋಟಾರಿಗೆ ಸಾಲದು ಅಂದಳು. ಆಕೆ ತೋರಿಸಿದ ಹೊಸ ಹಿಡಿಕೆ ಒತ್ತಿದರೆ ಗಾಲಿಯ ಉಕ್ಕಿನ ತಟ್ಟೆಯನ್ನು ಅವುಚಿ ಬ್ರೇಕೂ ಹಿಡಿಯುತ್ತದೆ, ಮೋಟಾರಿನ ಕರೆಂಟೂ ಕಡಿಯುತ್ತದೆ. ಆದರೆ ನನ್ನ ದುಡ್ಡಿನಲ್ಲಿ ಸಣ್ಣ ಬ್ಯಾಟರಿ ಮತ್ತು ಆ ಬ್ರೇಕು, ಇಲ್ಲವೆ ದೊಡ್ಡ ಬ್ಯಾಟರಿ ಮತ್ತು ಹಳೆಯ ಬ್ರೇಕು, ಎರಡರಲ್ಲಿ ಒಂದೇ ಆಗುತ್ತಿತ್ತು.

ಹೊಲಕ್ಕೆ ಹೋಗಿಬರಲು ಸಣ್ಣ ಬ್ಯಾಟರಿ ಬೇಕಾದಷ್ಟಾಗುತ್ತಿತ್ತು. ನನ್ನ ಮನಸ್ಸು ಹೊಲದಲ್ಲಿರಲಿಲ್ಲ. ನನ್ನ ಹೆಂಡತಿಯ ತವರು ಗಲಗಲಿ. ಆ ಊರಿಗೆ ನಾನು ಅಳಿಯನಾಗಿ ಹೋದದ್ದೆಲ್ಲ ಬಸ್ಸಿನಲ್ಲಿ, ಚೀಲ ಹೊತ್ತು. ಈ ಸಲ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು, ತುಳಿಯದೆ, ಸದ್ದಿಲ್ಲದೆ ಹೋಗಿ ಮಾವನ ಮನೆಯ ಕಟ್ಟೆಯ ಮುಂದೆ ಇಳಿಯಬೇಕು ಎಂಬ ಆಸೆ. ಅದಕ್ಕೆ ದೊಡ್ಡ ಬ್ಯಾಟರಿ ಬೇಕಿತ್ತು.

"ಹಿಂದ ಯಾರರ ಕೂಡ್ತಾರೇನ್ರಿ?" ಎಂದು ಆಕೆ ಕೇಳಿದಳು. ಭಾರ ತಿಳಿದರೆ ಬ್ರೇಕಿನ ಮಾತು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಯಾರೂ ಇಲ್ಲವಾ. ನಾ ಒಬ್ಬಾಂವ."

ಅಷ್ಟು ವರ್ಷ ಕಾಟಾದ ಮೇಲೆ ಕುಳಿತವನು ಹೇರಿನ ಭಾರದಲ್ಲಿ ಸುಳ್ಳು ಹೇಳಿದ್ದು ಅದೇ ಮೊದಲು.

ಆಗಲೂ ಆಕೆ ಬಿಡಲಿಲ್ಲ. "ದೂರ ಹೋಗೂದು ಕಡಿಮಿ ಆದ್ರ ನಡೀತೈತ್ರಿ ಕಾಕಾ. ನಿಲ್ಲೂದು ಕಡಿಮಿ ಆಗಬಾರ್ದ್ರಿ" ಅಂದಳು. ಅಂಗಡಿಯ ಮುಂದೆ ಪಂಕ್ಚರಿಗೆಂದು ನಿಂತ ಪರ ಊರಿನವರು ಇಬ್ಬರು ಮೂವರು ಕುಳಿತಿದ್ದರು. ಅವರಿಗೆ ಕೇಳುವಂತೆ ನಾನು, "ನಲವತ್ತ ವರ್ಷ ಇದ ಬ್ರೇಕ್ ಹಿಡದೇನಿ. ಗಾಡಿ ನಿಲ್ಲಸೂದು ನೀ ನನಗ ಕಲಸ್ತಿಯೇನವಾ?" ಅಂದೆ. ಅವರು ನಕ್ಕರು. ಆಕೆ ನಗಲಿಲ್ಲ. ಸಾಮಾನನ್ನು ಚೀಲಕ್ಕೆ ತುಂಬಿ, ಮೇಲೆ ಬರೆದು, ಮೊಳೆಗೆ ಹಾಕಿದಳು.

"ಮನಸ್ಸ ಬದಲಾದ್ರ ಬರ್ರಿ. ಇದು ನಿಮ್ಮದ. ಬ್ಯಾರೇದಾವ್ರಿಗೆ ಕೊಡೂದಿಲ್ಲ."

ಗಾಡಿ ಛಲೋ ಆಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ನಾಲ್ಕು ತಿಂಗಳು ಒಂದು ತಂತಿಯೂ ಸಡಿಲಾಗಲಿಲ್ಲ. ಕಬ್ಬಿನ ಸುಗ್ಗಿಯಲ್ಲಿ ಒಂದು ದಿನ ಹಿಂದಿನ ಕ್ಯಾರಿಯರಿಗೆ ಕೌದಿಯ ತುಂಡು ಮಡಚಿ ಕಟ್ಟಿ, ಹೆಂಡತಿಯನ್ನು ಕೂಡಿಸಿಕೊಂಡು ಗಲಗಲಿಗೆ ಹೋದೆ. ಅಂದುಕೊಂಡಂತೆಯೇ ಆಯಿತು. ಕೃಷ್ಣೆಯ ಕಡೆಯಿಂದ ತಂಪು ಗಾಳಿ, ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ಬಂದು ಗಾಡಿ ಮುಟ್ಟಿ ನೋಡಿದರು... ಆ ಒಂದು ಗಳಿಗೆಗೆ ನಾನು ಏನೇನು ಕೊಟ್ಟೆನೋ.

ಮಧ್ಯಾಹ್ನ ತಿರುಗಿ ಬರುವಾಗ ಒಂದು ತಿರುವಿನಲ್ಲಿ ರಸ್ತೆಯ ತುಂಬ ಕಬ್ಬಿನ ಒಣ ಎಲೆಯ ರವದಿ ಬಿದ್ದಿತ್ತು. ಹೊಲದಿಂದ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ರಸ್ತೆಗೆ ಬಂತು. ಡ್ರೈವರ್ ನಮ್ಮನ್ನು ಕಂಡು ನಿಲ್ಲಿಸಿದ, ಅವನದು ತಪ್ಪಿಲ್ಲ. ನಿಲ್ಲಲಾಗದವನು ನಾನು. ಹೆದರಿ ಬ್ರೇಕ್ ಒತ್ತಿದೆ. ಹೆದರಿದ ಮುಷ್ಟಿ ಬ್ರೇಕಿನ ಜೊತೆ ಮೋಟಾರು ಓಡಿಸುವ ಹಿಡಿಕೆಯನ್ನೂ ತಿರುವಿ ಬಿಗಿಹಿಡಿದಿತ್ತು. ಕರೆಂಟು ಕಡಿಯಲಿಲ್ಲ. ಮೋಟಾರು ದೂಡಿತು, ರವದಿ ಜಾರಿತು, ಟ್ರೇಲರಿನ ಗಾಲಿಗೆ ಹೋಗಿ ಬಡಿದೆವು. ನನಗೆ ತರಚು ಗಾಯ. ಹೆಂಡತಿಯ ಬಲಗೈ ಮಣಿಕಟ್ಟು ಮುರಿದಿತ್ತು. ಅದು ಕೂಡಿತು, ಆದರೆ ಸೊಟ್ಟಗೆ. ಅಂದಿನಿಂದ ಆಕೆ ರೊಟ್ಟಿ ಬಡಿದಿಲ್ಲ. ಬೀದಿಯವರೆಲ್ಲ ಹೆಸರು ಹೇಳುತ್ತಿದ್ದ ರೊಟ್ಟಿ ಅದು. ಈಗ ನಮ್ಮ ಮನೆಗೆ ರೊಟ್ಟಿ ಖಾನಾವಳಿಯಿಂದ ಬರುತ್ತದೆ.

ದವಾಖಾನೆಯಲ್ಲಿ ಮಗ ಸಿಟ್ಟಿನಿಂದ ಕೇಳಿದ, "ಯಾರ ಮಾಡಿಕೊಟ್ಟಾರಿದನ್ನ?" ಅಂತ. ಹೆಂಡತಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ನನ್ನ ಮುಖ ನೋಡುತ್ತಿದ್ದಳು. ಆ ನೋಟದ ಎದುರು ನಿಜ ಹೇಳಲಾಗಲಿಲ್ಲ.

"ಆಕಿ ಬ್ರೇಕ್ ಸರಿ ಹಾಕಿಲ್ಲ" ಅಂದೆ.

ಅಂದ ಮೇಲೆ ಎದೆ ಹಗುರಾಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಕಾರ್ಖಾನೆಯ ಗೇಟಿನ ಚಹಾದಂಗಡಿಯಲ್ಲಿ ಕೇಳಿದವರಿಗೂ ಅದನ್ನೇ ಹೇಳಿದೆ. ಕಾಟಾ ಕಾಕಾ ಸುಳ್ಳು ಯಾಕೆ ಹೇಳುತ್ತಾರೆ ಎಂದು ಎಲ್ಲರೂ ನಂಬಿದರು. ಗಂಡ ಸತ್ತ ಮೇಲೆ ಪಾನಾ ಹಿಡಿದ ಮಾತ್ರಕ್ಕೆ ಮಿಸ್ತ್ರಿ ಆಗುತ್ತಾಳೇನು ಎಂದು ಒಬ್ಬ ನಕ್ಕ. ನಾನು ಚಹಾ ಕುಡಿದೆ.

ಎಂಟು ದಿನಕ್ಕೆ ಆಕೆ ನಮ್ಮ ಮನೆಗೆ ಬಂದಳು, ಕೈಯಲ್ಲಿ ಮೋಸಂಬಿಯ ಚೀಲ. ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮಗ ಏನೇನೋ ಅಂದ, ಆಕೆ ಎಲ್ಲ ಕೇಳಿಸಿಕೊಂಡಳು. ಕಡೆಗೆ ನನ್ನ ಕಡೆ ತಿರುಗಿದಳು.

"ಕಾಕಾ, ನೀವ ಹೇಳ್ರಿ. ಬ್ರೇಕಿಂದು ನಾ ಏನ ಹೇಳಿದ್ನಿ ಅಂತ."

ಎಲ್ಲರೂ ನನ್ನನ್ನೇ ನೋಡಿದರು. ಒಂದು ಮಾತು ಸಾಕಾಗಿತ್ತು.

"ನನಗೇನ ಗೊತ್ತವಾ" ಅಂದೆ. "ಮಾಡಿದಾಕಿ ನೀನು."

ಗೋಡೆಯ ಮೇಲೆ ನನ್ನ ಹೆಸರಿನ ಚೀಲವಿದೆ, ಬಂದು ನೋಡಿರಿ ಎಂದು ಆಕೆ ಅನ್ನಬಹುದಿತ್ತು. ಅನ್ನುತ್ತಾಳೆಂದೇ ನಾನು ತಿಳಿದಿದ್ದೆ. ಆಕೆ ಮೋಸಂಬಿ ಕಟ್ಟೆಯ ಮೇಲಿಟ್ಟು ಹೋದಳು. ಅವನ್ನು ಎಮ್ಮೆಗೆ ಹಾಕಿದೆವು. ಯಾಕೆ ಅನ್ನಲಿಲ್ಲ... ಹಿರಿಯನ ಮಾನ ಕಾದಳೋ, ತನ್ನ ಮಾತಿಗಿಂತ ಒಂದು ಚೀಲ ಹೆಚ್ಚೆ ಎಂದುಕೊಂಡಳೋ. ಅದನ್ನು ಕೇಳಬಹುದಾದ ದಿನಗಳಲ್ಲಿ ನಾನು ಆ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ಹೋದೆ.

ಗಾಡಿ ಮಾಡಿಸಲು ಹೇಳಿದ್ದವರು ಬೇಡವೆಂದರು. ಮಾಡಿಸಿಕೊಂಡಿದ್ದವರೂ ತಂದು ಮೋಟಾರು ಬಿಚ್ಚಿಕೊಡು ಎಂದು ನಿಂತರಂತೆ. ಮುಂದಿನ ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚಿತ್ತು. ಆಕೆ ತನ್ನ ಮಗಳನ್ನು ಕರೆದುಕೊಂಡು ಬನಹಟ್ಟಿಗೆ ಹೋಗಿ, ಮಗ್ಗದವರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಾಳೆಂದು ಯಾರೋ ಅಂದರು. ಒಮ್ಮೆ ಅಲ್ಲಿಯವರೆಗೆ ಹೋದೆ. ಓಣಿಯ ಬಾಯಲ್ಲಿ ನಿಂತೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ಕೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಹೀಗೆ ವರ್ಷಗಳು ಹೋದವು. ಹೋದ ತಿಂಗಳು ಚೀಲ ಬಂದಾಗ ಅದನ್ನು ಬಾಗಿಲಲ್ಲಿ ಇಸಿದುಕೊಂಡವಳು ನನ್ನ ಹೆಂಡತಿ. ಆಕೆ ನಾಲ್ಕನೆಯ ಇಯತ್ತೆ ಓದಿದ್ದಾಳೆ. ಎಡಗೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ಓದಿದಳು. "ಕಾಟಾ ಕಾಕಾ. ಬ್ರೇಕ್. ಸದ್ಯ ಬ್ಯಾಡ ಅಂದಾರ." ಇದೇನು ಎಂದು ಕೇಳಿದಳು. ಎಲ್ಲ ಹೇಳಿದೆ. ಕೈಯ ಬಗ್ಗೆ ಏನಾದರೂ ಅನ್ನುತ್ತಾಳೆಂದು ತಲೆ ತಗ್ಗಿಸಿ ಕುಳಿತೆ. ಕೈಯ ಮಾತು ಆಡಲೇ ಇಲ್ಲ.

"ಆಕಿ ಬಾಗಲಾಗ ನಿಂತಿದ್ಳು. ನಾ ಒಂದ ತಂಬಿಗಿ ನೀರ ಸೈತ ಕೊಡಲಿಲ್ಲ" ಅಂದಳು. "ಈ ಮನ್ಯಾಗ ವೈರಿ ಬಂದ್ರೂ ನೀರ ಕೊಟ್ಟಾಕಿ ನಾನು. ನನ್ನ ಕೈಲೆ ಇದನ್ನ ಮಾಡಸಿದ್ರಿ ನೀವು." ಚೀಲವನ್ನು ನನ್ನ ಮುಂದೆ ಇಟ್ಟು, "ಹೋಗ್ರಿ. ಇದನ್ನ ತಗೊಂಡ ಹೋಗ್ರಿ" ಅಂದಳು.

ಚೀಲ ಹಿಡಿದು ಬನಹಟ್ಟಿಗೆ ಹೋದೆ. ಈ ಸಲ ಓಣಿಯ ಒಳಗೂ ಹೋದೆ. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕಂಡಿಕೆ ಸುತ್ತುತ್ತಿದ್ದಳು. ಹಣೆ ತಾಯಿಯದೇ. ತಾಯಿ ಎಲ್ಲಿ ಎಂದು ಕೇಳಿದೆ. ಅವ್ವ ತೀರಿಕೊಂಡು ಎಂಟು ತಿಂಗಳಾಯಿತು ಅಂದಳು. ನಾನು ಯಾರು, ಎಲ್ಲಿಯವನು ಎಂದು ಕೇಳುವ ಮೊದಲೇ ಎದ್ದುಹೋಗಿ ತಂಬಿಗೆಯಲ್ಲಿ ನೀರು, ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು. ಮುಧೋಳದವನು ಅಂದೆ.

"ನಮ್ಮವ್ವನ ಕಡೆ ಸೈಕಲ್ ಮಾಡಿಸಿದ್ರೇನ್ರಿ?" ಎಂದಳು.

ಹೌದೆಂದೆ.

"ಇನ್ನೂ ಓಡತೈತೇನ್ರಿ?"

ಆ ಸೈಕಲ್ ಮುರಿದ ಮುಂಗಾಲಿಯೊಡನೆ ಎಂದೋ ಗುಜರಿಗೆ ಹೋಗಿದೆ. ಚೀಲ ನನ್ನ ತೊಡೆಯ ಮೇಲಿತ್ತು. ಬರೆದ ಕಡೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದೆ.

"ಓಡತೈತವಾ" ಅಂದೆ.

"ಅವ್ವ ಮಾಡಿದ್ದು ಕೆಡೂದಿಲ್ರಿ" ಅಂದಳು. ಎಷ್ಟು ದಿನದಿಂದ ಅದನ್ನು ಯಾರಿಗಾದರೂ ಹೇಳಬೇಕೆಂದು ಕಾದಿದ್ದಳೋ, ಮುಖ ಅರಳಿತ್ತು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ಎದ್ದುಬಂದೆ. ಚೀಲವೂ ನನ್ನ ಜೊತೆಗೇ ಬಂತು.

ತಾಯಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ಇದಕ್ಕೆ ಕ್ಷಮೆ ಎನ್ನುವುದಿಲ್ಲ ಎಂದು ನನಗೆ ಗೊತ್ತು.

ಆ ಅಂಗಡಿಯ ಬೋರ್ಡಿನ ಮೇಲೆ ಕಡೆಯವರೆಗೂ ಇದ್ದದ್ದು ಗಂಡನ ಹೆಸರು. ಆಕೆ ಮಾಡಿಕೊಟ್ಟ ಗಾಡಿಗಳು ಓಡುವಾಗ ಊರಿನವರು ಸೈಕಲ್ ಅಂಗಡಿಯಾಕಿ ಎನ್ನುತ್ತಿದ್ದರು, ಅಷ್ಟೇ. ಆಕೆಯ ಹೆಸರು ಹಿಡಿದು ಆಡಿದ್ದು ನಾನು ಸುಳ್ಳು ಹೇಳಿದ ಮೇಲೆ, ಆ ಒಂದು ಕೆಟ್ಟ ಮಾತಿನ ಜೊತೆಗೆ ಮಾತ್ರ. ಅದಕ್ಕೇ ಇಲ್ಲಿಯವರೆಗೆ ಆ ಹೆಸರು ಬರೆಯಲು ಕೈ ಏಳಲಿಲ್ಲ. ಬ್ರೇಕ್ ಹಾಕಿಸಿಕೊಳ್ಳಿರಿ ಎಂದು ಆಕೆ ಹೇಳಿದ್ದಳು. ಬೇಡವೆಂದವನು ನಾನು.

ಆಕೆಯ ಹೆಸರು ಮಹಾನಂದಾ.